ಹತ್ತು ಹೆಜ್ಜೆಗೆ ಒಪ್ಪದ ಟೇಪಕ್ಕ

ಸೈನಿಕನ ಮುಂದೆ ಅಳತೆಯ ಟೇಪು ಹಿಡಿದರೆ ಅವನ ಎದೆ ಒಂದೂವರೆ ಇಂಚು ಹಿಗ್ಗುತ್ತದೆ. ರೆಜಿಮೆಂಟಿನ ಹೊಲಿಗೆ ಅಂಗಡಿಯಲ್ಲಿ ಕೂತು ಸಮವಸ್ತ್ರ ಹೊಲಿಯುತ್ತಿದ್ದ ವಯಸ್ಸಿನಲ್ಲೇ ಟೇಪಕ್ಕ ಇದನ್ನು ಕಂಡುಕೊಂಡಿದ್ದಳು. ಹಿಗ್ಗಿದ ಎದೆಗೆ ಹೊಲಿದರೆ ಮಾರನೆಯ ದಿನ ಅಂಗಿ ಜೋತುಬೀಳುತ್ತದೆ, ಬೈಗುಳ ಹೊಲಿದವಳ ಪಾಲಿಗೆ. ಹಾಗಾಗಿ ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು, ಊಟ ಆಯ್ತಾ, ಮನೆಯಿಂದ ಕಾಗದ ಬಂತಾ ಎಂದು ಮಾತಿಗೆಳೆದು, ಅವನು ಮೈಮರೆತು ಉಸಿರು ಬಿಟ್ಟ ಗಳಿಗೆಯಲ್ಲಿ ಅಳತೆ ತೆಗೆದುಬಿಡುತ್ತಿದ್ದಳು. ಈಗ ಅವಳಿಗೆ ಐವತ್ನಾಲ್ಕು. ಟೇಪು ಕೊರಳಿನಿಂದ ಇಳಿದಿಲ್ಲ. ಅಂಗಿ ಬಿಟ್ಟು ಕೃತಕ ಕಾಲು ಮಾಡುತ್ತಿದ್ದಾಳೆ, ಅಷ್ಟೇ ವ್ಯತ್ಯಾಸ.

ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ನೆರವಾಗುವ ಒಂದು ದತ್ತಿ ಸಂಸ್ಥೆಯ ಕಾರ್ಯಾಗಾರ ಅದು. ಹಳೆಯ ಗೋದಾಮಿನ ಹಿಂಭಾಗದ ಎರಡು ಕೋಣೆ. ಮೊದಲನೆಯದರಲ್ಲಿ ಆಳೆತ್ತರದ ಕನ್ನಡಿ, ಹಿಡಿದು ನಡೆಯಲು ಸೊಂಟದೆತ್ತರದ ಎರಡು ಕಂಬಿ. ಒಳಗಿನದರಲ್ಲಿ ಪ್ಲಾಸ್ಟಿಕ್ ಹಾಳೆ ಕಾಯಿಸುವ ಒಲೆ, ಪ್ಲಾಸ್ಟರಿನ ಮೂಟೆ, ಗರಗಸ, ಮತ್ತು ಗೋಡೆಯುದ್ದದ ಹಲಗೆಯ ಮೇಲೆ, ಬಂದವರ ಕಾಲಿಗೆ ಪ್ಲಾಸ್ಟರ್ ಸುತ್ತಿ ತೆಗೆದ ಅಚ್ಚುಗಳು, ನಂಬರು ಬರೆದ ಬಿಳಿ ಪ್ಲಾಸ್ಟರ್ ತೊಡೆಗಳು. ಎದುರಿಗೆ ರಸ್ತೆಯಾಚೆ ಜೆರಾಕ್ಸ್ ಅಂಗಡಿ. ಅಲ್ಲಿ ಕೂರುವವನು ಟೇಪಕ್ಕನ ಗಂಡ. ಬಂದವರೆಲ್ಲ ಇವಳನ್ನು ಅಕ್ಕ ಎಂದದ್ದರಿಂದ ಅವನು ಊರಿಗೆಲ್ಲ ಭಾವ ಆಗಿಬಿಟ್ಟಿದ್ದ. ಸಂಬಳವಿಲ್ಲದ ಹುದ್ದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಇದೆಲ್ಲ ಶುರುವಾದದ್ದು ಅವನ ಕಾಲಿನಿಂದಲೇ. ಸೈನ್ಯದಲ್ಲಿ ಸೇತುವೆ ಕಟ್ಟುವ ತುಕಡಿಯಲ್ಲಿದ್ದವನು, ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡು ಮನೆಗೆ ಬಂದ. ಯಾರೋ ಪುಣ್ಯಾತ್ಮರು ಸಮಾರಂಭ ಮಾಡಿ ಕಾಲು ಕೊಟ್ಟರು. ವೇದಿಕೆಯ ಮೇಲೆ ಹಾಕಿಕೊಂಡು ಹತ್ತು ಹೆಜ್ಜೆ ನಡೆದ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಪತ್ರಿಕೆಯಲ್ಲಿ ಚಿತ್ರ ಬಂತು. ಉಳಿದ ಕಾಲಿನ ತುದಿಯನ್ನು ಇಳಿಸಿ ತೊಡುವ ಆ ಪ್ಲಾಸ್ಟಿಕ್ ಬಟ್ಟಲಿನ ಅಂಚು ಮೊದಲ ದಿನದಿಂದಲೇ ಚರ್ಮ ಕಚ್ಚುತ್ತಿತ್ತು. ಬಿಟ್ಟಿ ಕೊಟ್ಟದ್ದಕ್ಕೆ ಕೊಂಕು ತೆಗೆಯಬಾರದೆಂದು ಅವನು ಮೂರು ವಾರ ಬಾಯಿ ಬಿಡಲಿಲ್ಲ. ಬಾಯಿ ಬಿಡುವ ಹೊತ್ತಿಗೆ ಹುಣ್ಣು ಮೂಳೆ ಮುಟ್ಟಿತ್ತು. ಎರಡನೆಯ ಸಲ ಕತ್ತರಿಸಿದಾಗ ಮೊಣಕಾಲೂ ಹೋಯಿತು.

ಟೇಪಕ್ಕ ಆ ಕಾಲನ್ನು ಚೀಲದಲ್ಲಿ ಹಾಕಿಕೊಂಡು ಅದನ್ನು ಮಾಡಿದ ಕಡೆಗೇ ಹೋದಳು. ಜಗಳಕ್ಕಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಇದಕ್ಕೆ ಅಳತೆ ತೆಗೆದವರು ಯಾರು? ಯಾರೂ ತೆಗೆದಿರಲಿಲ್ಲ. ದೊಡ್ಡದು, ಮಧ್ಯಮ, ಸಣ್ಣದು ಎಂದು ಮೂರು ಸೈಜು ಇದ್ದವು, ಮಧ್ಯಮ ಕೊಟ್ಟಿದ್ದರು. ಹಾಗಾದರೆ ನನಗೆ ಕಲಿಸಿ ಎಂದು ಅಲ್ಲೇ ಕೂತಳು. ಎರಡು ವರ್ಷ ಪ್ಲಾಸ್ಟರ್ ಪುಡಿ ಗುಡಿಸಿದಳು, ಮೂರನೆಯ ವರ್ಷ ಕೈಗೆ ಕೆಲಸ ಬಂತು. ಗಂಡನ ಎರಡನೆಯ ಕಾಲನ್ನು ಅವಳೇ ಮಾಡಿದಳು. ಇವತ್ತಿಗೂ ಅವನು ಅವಳು ಮಾಡಿದ್ದರ ಮೇಲೆಯೇ ನಿಲ್ಲುತ್ತಾನೆ.

ಅವಳ ಕಾರ್ಯಾಗಾರಕ್ಕೆ ಒಂದು ಪದ್ಧತಿ ಇದೆ. ಅಳತೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಯಾಕೆಂದರೆ ಮಾಂಸ ದಿನವಿಡೀ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಕಾಲು ಬಿಚ್ಚಿದ ಮೇಲೆ ಚರ್ಮದ ಕೆಂಪು ಹತ್ತು ನಿಮಿಷದಲ್ಲಿ ಆರಬೇಕು, ಆರದಿದ್ದರೆ ಬಟ್ಟಲು ತಪ್ಪು. ಮತ್ತು ಯಾವ ಕೆಲಸಕ್ಕೆ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು ಅವಳ ಕಣ್ಣೆದುರು ನಿಂತು ತೋರಿಸದ ಹೊರತು ಕಾಲು ಮನೆಗೆ ಹೋಗುವಂತಿಲ್ಲ. ಗೇಟು ಕಾಯುವವನು ಅಲ್ಲಿ ಗೇಟು ಕಾದಿದ್ದಾನೆ. ಮೂಟೆ ಹೊರುವವನು ಪ್ಲಾಸ್ಟರ್ ಮೂಟೆಯನ್ನೇ ಹೊತ್ತು ತಿರುಗಿದ್ದಾನೆ.

ಸೌಟಣ್ಣ ಬಂದದ್ದು ಹೀಗೆ ನಿಲ್ಲಲಿಕ್ಕೆ. ಸೈನ್ಯದಲ್ಲಿ ಅಡುಗೆಯವನಾಗಿದ್ದ. ಮುಂಚೂಣಿಯ ಠಾಣೆಗೆ ಊಟ ಒಯ್ಯುವಾಗ ನೆಲದಲ್ಲಿ ಹುಗಿದಿದ್ದ ಬಾಂಬಿಗೆ ಬಲಗಾಲು ಕೊಟ್ಟಿದ್ದ, ಮೊಣಕಾಲಿನ ಮೇಲಿನವರೆಗೆ. ಹಿಂದೊಮ್ಮೆ ಯಾವುದೋ ಶಿಬಿರದಲ್ಲಿ ಸಿಕ್ಕ ಕಾಲು ಈಗ ಅವನ ಮನೆಯಲ್ಲಿ ಅಡುಗೆಮನೆ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಟ್ಟುಕೊಳ್ಳುವ ಕೆಲಸ ಮಾಡುತ್ತಿತ್ತು. ಬಾಗಿಲಿಗೆ ಮಾತ್ರ ಸರಿಯಾಗಿ ಹೊಂದುತ್ತೆ ಅಕ್ಕ ಎಂದು ಮೊದಲ ದಿನವೇ ಹೇಳಿದ್ದ. ಮುಂದಿನ ತಿಂಗಳ ಒಂದನೆಯ ತಾರೀಕಿನಿಂದ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಗೊತ್ತಾಗಿತ್ತು. ಇನ್ನೂರು ಮಕ್ಕಳು, ಒಲೆಯ ಮುಂದೆ ಐದು ಗಂಟೆ. ಅವತ್ತು ನಿಲ್ಲಲಾರದಿದ್ದರೆ ಆ ಜಾಗಕ್ಕೆ ಬೇರೆಯವರು ಕಾದಿದ್ದರು. ಆರು ವರ್ಷದಲ್ಲಿ ಸಿಕ್ಕ ಮೊದಲ ಕೆಲಸ ಅದು.

ಗುರುವಾರ ಟೇಪಕ್ಕ ಅವನನ್ನು ಕಾರ್ಯಾಗಾರದ ಮೇಜಿನ ಮುಂದೆ ನಿಲ್ಲಿಸಿ, ಹತ್ತು ಕಿಲೋ ಈರುಳ್ಳಿ ಸುರಿದು, ಕೊಚ್ಚು ಎಂದಳು. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಕೊಚ್ಚಿದ. ಕಾಲಿನ ಪರೀಕ್ಷೆ ಇವನದು, ಕಣ್ಣೀರು ನಮ್ಮದು ಎಂದು ಭಾವ ರಸ್ತೆಯಾಚೆಯಿಂದಲೇ ಗೊಣಗಿದ. ಒಂದು ಗಂಟೆಗೆ ಕಾಲು ಬಿಚ್ಚಿಸಿ, ಗಡಿಯಾರ ನೋಡಿಕೊಂಡು ಟೇಪಕ್ಕ ಎದುರು ಕೂತಳು. ತೊಡೆಯ ಒಳಮಗ್ಗುಲಲ್ಲಿ ಎರಡು ಬೆರಳಗಲದ ಕೆಂಪು. ಹತ್ತು ನಿಮಿಷವಾಯಿತು, ಇತ್ತು. ಇಪ್ಪತ್ತಾಯಿತು, ಇತ್ತು. ಮೂವತ್ತೈದನೆಯ ನಿಮಿಷಕ್ಕೆ ಅವಳು ಎದ್ದು ಅಳತೆಯ ಪುಸ್ತಕ ತಂದಳು.

ಅವಳ ಟೇಪು ಹೇಳಿದ್ದಕ್ಕೂ ಹಲಗೆಯ ಮೇಲಿದ್ದ ಅವನ ಪ್ಲಾಸ್ಟರ್ ತೊಡೆಗೂ ಮೂರು ಗುರುತಿನಲ್ಲಿ ತಾಳೆಯಾಯಿತು. ನಾಲ್ಕನೆಯದರಲ್ಲಿ ಒಂಬತ್ತು ಮಿಲಿಮೀಟರ್ ವ್ಯತ್ಯಾಸ. ಟೇಪು ಹಿಡಿದದ್ದು ಸಡಿಲ ತೊಡೆಯನ್ನು, ಪ್ಲಾಸ್ಟರ್ ಹಿಡಿದದ್ದು ಬಿಗಿದ ತೊಡೆಯನ್ನು. ಮೂವತ್ತು ವರ್ಷದ ಅನುಭವ ಇಟ್ಟುಕೊಂಡು ಇದು ಹೇಗೆ ಕೈತಪ್ಪಿತು?

"ಪ್ಲಾಸ್ಟರ್ ಸುತ್ತಿದ ದಿನ ಏನಾಯ್ತೋ? ನೆನಪು ಮಾಡ್ಕೊ."

"ಏನಾಗುತ್ತೆ ಅಕ್ಕ? ಕಂಬಿ ಹಿಡ್ಕೊಂಡು ನಿಂತಿದ್ದೆ. ಕರ್ನಲ್ ಸಾಹೇಬ್ರು ಯಾರೋ ನಾಲ್ಕು ಜನರನ್ನ ಕರ್ಕೊಂಡು ಬಂದ್ರು."

"ಆಗ ನೀನೇನು ಮಾಡಿದೆ?"

ಸೌಟಣ್ಣ ಈರುಳ್ಳಿ ಸಿಪ್ಪೆಯ ಕಡೆ ನೋಡಿದ. "ಸಾಹೇಬ್ರು ಬಂದ್ರೆ ಏನು ಮಾಡ್ತಾರೆ? ಅಟೆನ್ಷನ್."

ಹೊಸ್ತಿಲಲ್ಲಿ ನಿಂತಿದ್ದ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಲು ಹೋಗಿ ಆರು ವರ್ಷ ಆಯ್ತು, ಅಟೆನ್ಷನ್ ಇನ್ನೂ ಹೋಗಿಲ್ಲ ನೋಡು."

ಟೇಪಕ್ಕ ನಗಲಿಲ್ಲ. ಪ್ಲಾಸ್ಟರ್ ಗಟ್ಟಿಯಾಗುವ ಆ ಏಳು ನಿಮಿಷದಲ್ಲಿ ತನ್ನ ಕಣ್ಣು ಎಲ್ಲಿತ್ತೆಂದು ಅವಳಿಗೆ ನೆನಪಾಯಿತು. ಹಸಿ ನೆಲದ ಮೇಲೆ ಅತಿಥಿಗಳ ಬೂಟುಗಳನ್ನು ನೋಡುತ್ತಿದ್ದಳು, ಕೈಯನ್ನು ತೊಡೆಯ ಮೇಲಿನಿಂದ ತೆಗೆದಿದ್ದಳು. ಪುಸ್ತಕ ತೆರೆದು ಬರೆದಳು: ಬಟ್ಟಲು ತಪ್ಪು. ಕಾರಣ, ಬಾಗಿಲು ತೆರೆದಿತ್ತು, ಕೈ ತೆಗೆದಿದ್ದೆ.

ಹೊಸ ಕಾಲಿಗೆ ಒಂಬತ್ತು ದಿನ ಬೇಕು. ಒಂದನೆಯ ತಾರೀಕಿಗೆ ಹನ್ನೆರಡು ದಿನ ಉಳಿದಿತ್ತು. ಚರ್ಮಕ್ಕೆ ಶುಕ್ರವಾರ ಪೂರ್ತಿ ವಿಶ್ರಾಂತಿ, ಶನಿವಾರ ಮತ್ತೆ ಪ್ಲಾಸ್ಟರ್. ಲೆಕ್ಕ ಕೂಡುತ್ತಿತ್ತು. ಕೂಡದಿದ್ದದ್ದು ಒಂದೇ, ಆ ಶನಿವಾರ ಸಮಾರಂಭವಿತ್ತು.

ಕರ್ನಲ್ ಸಾಹೇಬರು ಸಂಸ್ಥೆಯ ಕಾರ್ಯದರ್ಶಿ. ನಿವೃತ್ತರಾದ ಮೇಲೆ ಒಂದು ಪೈಸೆ ಮುಟ್ಟದೆ ದುಡಿಯುವವರು, ತಮ್ಮ ಸೈನಿಕ ಹುಡುಗರಿಗಾಗಿ ಮನೆಮನೆ ಬಾಗಿಲು ತಟ್ಟಿ ದಾನ ತರುವವರು. ಅವರು ಕೆಟ್ಟವರೆಂದು ಟೇಪಕ್ಕ ಯಾವತ್ತೂ ಹೇಳಿದವಳಲ್ಲ. ಹನ್ನೆರಡು ಜನರಿಗೆ ಕೃತಕ ಕಾಲು ವಿತರಣೆ ಎಂದು ಆಮಂತ್ರಣ ಅಚ್ಚಾಗಿತ್ತು. ಕಾರ್ಯಾಗಾರವನ್ನು ಸಾಕುತ್ತಿದ್ದ ಬಟ್ಟೆ ಗಿರಣಿಯ ಯಜಮಾನರು ಸಂಸಾರ ಸಮೇತ ಬರುವವರಿದ್ದರು. ಮುಂದಿನ ಮೂರು ವರ್ಷದ ನೆರವನ್ನು ಅಲ್ಲೇ ಘೋಷಿಸುತ್ತಾರೆಂದು ಮಾತಾಗಿತ್ತು. ಶುಕ್ರವಾರ ಮಧ್ಯಾಹ್ನ ಕಾಲುಗಳನ್ನು ಒಯ್ಯಲು ವ್ಯಾನಿನ ಜೊತೆ ಸಾಹೇಬರೇ ಬಂದರು. ಟೇಪಕ್ಕ ಹನ್ನೊಂದು ಕಾಲು ಎತ್ತಿಟ್ಟಳು. ಹನ್ನೆರಡನೆಯದು ಮೇಜಿನ ಮೇಲೆಯೇ ಇತ್ತು. ಏಕೆಂದು ವಿವರಿಸಿದಳು, ಮಿಲಿಮೀಟರಿನ ಸಮೇತ. ಅವರು ಅಟೆನ್ಷನ್ನಿನ ಕಥೆಗೆ ಒಂದು ಕ್ಷಣ ಮುಖ ಕೆಂಪಗೆ ಮಾಡಿಕೊಂಡರು. ಆಮೇಲೆ ಸಮಾಧಾನದ ದನಿಯಲ್ಲಿ ದಾರಿ ಹುಡುಕಿದರು.

"ಹತ್ತು ಹೆಜ್ಜೆ ಅಷ್ಟೇ ಅಮ್ಮ. ವೇದಿಕೆ ಇಳಿದ ತಕ್ಷಣ ಬಿಚ್ಚಿಸಿಬಿಡು. ಹೊಸದನ್ನ ಆಮೇಲೆ ನಿಧಾನವಾಗಿ ಮಾಡ್ಕೊಡು, ಯಾರು ಬೇಡ ಅಂತಾರೆ?"

ಮೂಲೆಯಲ್ಲಿ ಊರುಗೋಲು ಹಿಡಿದು ಕೂತಿದ್ದ ಸೌಟಣ್ಣ ಸಾಹೇಬರ ಮುಖ ನೋಡಿಯೇ ಕರಗಿದ. "ಹತ್ತು ಹೆಜ್ಜೆಗೆ ಏನೂ ಆಗಲ್ಲ ಬಿಡಿ ಅಕ್ಕ. ಬಿಸಿ ಹಂಡೆ ಬರಿಗೈಲಿ ಇಳಿಸಿದವನು ನಾನು."

"ಸುಟ್ಟ ಕೈ ನಾಲ್ಕು ದಿನಕ್ಕೆ ಆರುತ್ತೆ. ಈ ಚರ್ಮ ಈಗಲೇ ಸೋತಿದೆ, ನಾಳೆ ಒಡೆದ್ರೆ ಆರು ವಾರ. ಒಂದನೇ ತಾರೀಕು ಒಲೆ ಮುಂದೆ ನಿಮ್ಮಪ್ಪ ಬಂದು ನಿಲ್ತಾನಾ?"

ಸೌಟಣ್ಣ ಊರುಗೋಲನ್ನು ಗೋಡೆಗೆ ಒರಗಿಸಿದ. ಸಾಹೇಬರು ಬಿಡಲಿಲ್ಲ. ನೆರವು ನಿಂತರೆ ಈ ಒಬ್ಬನಲ್ಲ, ಸಾಲಿನಲ್ಲಿರುವ ನಲವತ್ತು ಜನಕ್ಕೂ ಕಾಲಿಲ್ಲ, ಯೋಚಿಸು ಎಂದರು. ಅದು ಸುಳ್ಳಲ್ಲ, ಟೇಪಕ್ಕನಿಗೂ ಗೊತ್ತಿತ್ತು. ಅವರು ಮಾತಾಡುತ್ತಲೇ ಡ್ರೈವರಿಗೆ ಕಣ್ಸನ್ನೆ ಮಾಡಿದರು, ಅವನು ಮೇಜಿನತ್ತ ಬಂದ.

ಅವನಿಗಿಂತ ಮೊದಲು ಟೇಪಕ್ಕನ ಕೈ ಹೋಯಿತು. ಬಟ್ಟಲನ್ನು ಕಳಚಿ, ಮೇಜಿನ ಇಕ್ಕಳದಲ್ಲಿ ಬಿಗಿದು, ಗರಗಸದ ಗುಂಡಿ ಒತ್ತಿದಳು. ಕೋಣೆ ಕಿರ್ರೆಂದಿತು. ಅಂಚಿನಿಂದ ತಳದವರೆಗೆ ನೇರವಾಗಿ ಸೀಳಿ, ಎರಡು ಹೋಳನ್ನೂ ಸಾಹೇಬರ ಮುಂದೆ ಇಟ್ಟಳು.

"ಈಗ ಹನ್ನೊಂದೇ ಸಾರ್. ಸಾಲಿನಲ್ಲಿರೋ ನಲವತ್ತು ಜನಕ್ಕೂ ಇದನ್ನೇ ಹೇಳಿ. ಹತ್ತು ಹೆಜ್ಜೆಯ ಕಾಲು ನಾನು ಮಾಡಲ್ಲ."

ಸಾಹೇಬರು ಹನ್ನೊಂದು ಕಾಲುಗಳನ್ನು ವ್ಯಾನಿಗೆ ಹಾಕಿಸಿಕೊಂಡು ಹೊರಟುಹೋದರು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಗರಗಸದ ಪುಡಿ ಒರೆಸಿದಳು. ರಸ್ತೆ ದಾಟಿ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತಳು.

"ನಾಳೆಯಿಂದ ನಾನು ಸಂಬಳ ಇರೋ ಹುದ್ದೆ ಹುಡುಕಬೇಕಾ?" ಗಂಡ ಕೇಳಿದ.

"ಹುಡುಕಿ. ನಿಮ್ಮ ಹತ್ತು ಹೆಜ್ಜೆ ನೆನಪಿದ್ಯಾ?"

"ಹತ್ತಲ್ಲ, ಹನ್ನೊಂದು. ಫೋಟೋದವನು ಸರಿಯಾಗಿ ಬರ್ಲಿಲ್ಲ ಅಂತ ಕೊನೇದನ್ನ ಇನ್ನೊಂದ್ಸಲ ಹಾಕಿಸಿದ." ಅವನು ಯಂತ್ರದ ಮುಚ್ಚಳ ಹಾಕಿದ. "ನಿನ್ನ ಆ ಬಾಗಿಲಿಗೆ ಒಳಗಿಂದ ಒಂದು ಚಿಲಕ ಹಾಕ್ಕೊಡ್ತೀನಿ."

ಶನಿವಾರ ಬೆಳಿಗ್ಗೆ ನಾಲ್ಕು ಸ್ಕ್ರೂ ಬಿಗಿದು ಹಾಕಿಯೂ ಕೊಟ್ಟ. ಹನ್ನೊಂದು ಗಂಟೆಗೆ ಪಕ್ಕದ ಬೀದಿಯ ಸಭಾಭವನದಿಂದ ಧ್ವನಿವರ್ಧಕ ಕೇಳತೊಡಗಿತು. ಒಂದೊಂದು ಹೆಸರು, ಒಂದೊಂದು ಚಪ್ಪಾಳೆ. ಆ ಹನ್ನೊಂದು ಕಾಲುಗಳ ಬಗ್ಗೆ ಟೇಪಕ್ಕನಿಗೆ ಚಿಂತೆಯಿರಲಿಲ್ಲ, ಅವೆಲ್ಲ ಅವಳ ಕಣ್ಣೆದುರು ನಿಂತು ಹೋದವು. ಸಭೆ ಮುಗಿದ ಸದ್ದಾದಾಗ ಅವಳು ಚಿಲಕ ಹಾಕಿ, ಸೌಟಣ್ಣನನ್ನು ಕಂಬಿಯ ನಡುವೆ ನಿಲ್ಲಿಸಿ, ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತತೊಡಗಿದಳು. ಇನ್ನೂರು ಮಕ್ಕಳಿಗೆ ಉಪ್ಪು ಎಷ್ಟು ಹಾಕ್ತೀಯೋ ಎಂದು ಮಾತಿಗೆಳೆದಳು. ಉಪ್ಪಿನ ವಿಷಯದಲ್ಲಿ ಅವನಿಗೆ ಹೇಳಲು ಬಹಳ ಇತ್ತು.

ಕೊನೆಯ ಪಟ್ಟಿ ಸುತ್ತಿ ಎರಡು ನಿಮಿಷವೂ ಆಗಿರಲಿಲ್ಲ, ಹೊರಗೆ ಬೂಟಿನ ಸದ್ದು. ಬಾಗಿಲು ತಳ್ಳಿದ ಸದ್ದು. ಆಮೇಲೆ ಕರ್ನಲ್ ಸಾಹೇಬರ ದನಿ, ಮೈದಾನದಲ್ಲಿ ಕೂಗಿ ಪಳಗಿದ ದನಿ: "ಬಾಗಿಲು ತೆಗಿ ಅಮ್ಮ. ಹನ್ನೆರಡನೆಯವನು ಎಲ್ಲಿ ಅಂತ ಯಜಮಾನರು ಕೇಳ್ತಿದ್ದಾರೆ. ನೋಡಲೇಬೇಕಂತೆ."

ಸೌಟಣ್ಣನ ಗದ್ದ ತಾನಾಗಿಯೇ ಮೇಲೆದ್ದಿತು. ಟೇಪಕ್ಕ ಪ್ಲಾಸ್ಟರಿನ ಮೇಲಿನ ಎರಡೂ ಕೈಯನ್ನು ಅಲುಗಿಸಲಿಲ್ಲ. ಅವನ ಮುಖವನ್ನೇ ನೋಡಿದಳು.

"ಇನ್ನೂ ಐದು ನಿಮಿಷ ಸಾರ್," ಎಂದಳು ಬಾಗಿಲ ಕಡೆಗೆ ತಿರುಗದೆ. "ಗಟ್ಟಿಯಾಗೋವರೆಗೆ ಯಾರು ಬಂದ್ರೂ ಹೊರಗೇ."

ಇನ್ನೊಮ್ಮೆ ಚಿಲಕ ಗಡಗಡಿಸಿತು. ಸೌಟಣ್ಣ ಬಾಗಿಲನ್ನು ನೋಡಿದ, ಅಕ್ಕನನ್ನು ನೋಡಿದ. ಎತ್ತಿದ್ದ ಗದ್ದವನ್ನು ಇಳಿಸಿ, ಉಸಿರು ಬಿಟ್ಟು, ಹೊರಗಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದ:

"ಉಪ್ಪು ಮೊದಲೇ ಪೂರ್ತಿ ಹಾಕಬಾರದು ಅಕ್ಕ. ಅರ್ಧ ಮೊದಲು, ಅರ್ಧ ಇಳಿಸುವಾಗ."

ಅವಳ ಅಂಗೈ ಕೆಳಗೆ ತೊಡೆ ನಾದಿಟ್ಟ ಹಿಟ್ಟಿನ ಹಾಗೆ ಮೆತ್ತಗಿತ್ತು. ಐದು ನಿಮಿಷವೂ ಹಾಗೆಯೇ ಇತ್ತು.

ಯಜಮಾನರ ಸಂಸಾರ ಆ ಐದು ನಿಮಿಷವನ್ನು ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕಳೆಯಿತು. ಭಾವ ಅವರಿಗೆ ಹನ್ನೊಂದನೆಯ ಹೆಜ್ಜೆಯ ಕಥೆ ಹೇಳಿದನಂತೆ. ನೆರವು ಮೂರು ವರ್ಷಕ್ಕಲ್ಲ, ಒಂದು ವರ್ಷಕ್ಕೆ ಬಂತು. ಅತಿಥಿಗಳಿಗೆ ಕೆಲಸ ನೋಡಲು ಅವಕಾಶ ಕೊಡತಕ್ಕದ್ದು ಎಂಬ ಪತ್ರವೂ ಬಂತು. ಟೇಪಕ್ಕ ಆ ಪತ್ರವನ್ನು ಬಾಗಿಲಿನ ಒಳಮಗ್ಗುಲಲ್ಲಿ, ಚಿಲಕದ ಮೇಲೆ ಅಂಟಿಸಿದಳು. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ ಎಂದಳು.

ಒಂದನೆಯ ತಾರೀಕು ಅವಳು ಶಾಲೆಗೆ ಹೋದಾಗ ಅಡುಗೆ ಇಳಿದಿತ್ತು, ಮಕ್ಕಳು ಉಂಡು ಎದ್ದಿದ್ದರು. ಸೌಟಣ್ಣ ಎಂಟರಿಂದ ಒಂದರವರೆಗೆ ನಿಂತಿದ್ದ. ಸಾಮಾನಿನ ಕೋಣೆಯಲ್ಲಿ ಅವನನ್ನು ಅಕ್ಕಿ ಮೂಟೆಯ ಮೇಲೆ ಕೂರಿಸಿ, ಕಾಲು ಬಿಚ್ಚಿಸಿ, ಗಡಿಯಾರ ಹಿಡಿದು ಎದುರು ಕೂತಳು. ಕೆಂಪು ಆರನೆಯ ನಿಮಿಷಕ್ಕೆ ಹೋಯಿತು. ಅವಳು ಮಾತ್ರ ಹತ್ತು ನಿಮಿಷ ಪೂರ್ತಿ ಕೂತು, ಪುಸ್ತಕದಲ್ಲಿ ಬರೆದುಕೊಂಡೇ ಎದ್ದಳು.