ಓನರಮ್ಮ ಪಿಸುಗುಟ್ಟಿದ ದಿನಗಳು

ಅವರ ಬಲಗೈ ಎಡಗೈಗಿಂತ ದಪ್ಪ. ರವಿಕೆಯ ಬಲತೋಳಿಗೆ ಬೇರೆಯೇ ಅಳತೆ ಬೇಕೆಂದು ಪಕ್ಕದ ಮನೆಯ ಟೈಲರ್ ಸಾಹೇಬರು ಪ್ರತಿ ಸಲವೂ ಗೊಣಗುತ್ತಿದ್ದರು.

ಅರವತ್ತರ ದಶಕದ ಆರಂಭದಲ್ಲಿ, ಯಶವಂತಪುರದ ರೈಲ್ವೆ ಗೇಟಿನ ಹತ್ತಿರ ನಾವು ಬಾಡಿಗೆಗಿದ್ದ ವಠಾರದ ಒಡತಿ ಅವರು. ನಮಗೆಲ್ಲ ಓನರಮ್ಮ. ಅಂಗಳದಲ್ಲಿದ್ದ ರುಬ್ಬುವ ಕಲ್ಲು ಇಡೀ ವಠಾರಕ್ಕೆ ಒಂದೇ. ಬಾಡಿಗೆಗೆ ಬಂದ ಹೆಂಗಸರಿಗೆ ನುಣ್ಣಗೆ ರುಬ್ಬಲು ಬರುವುದಿಲ್ಲ ಎಂಬುದು ಓನರಮ್ಮನ ಖಚಿತ ಅಭಿಪ್ರಾಯ. ಹಾಗಾಗಿ ಸಂಜೆ ಯಾರೇ ಬೇಳೆ ನೆನೆಸಿ ತಂದರೂ ಅವರನ್ನು ಪಕ್ಕಕ್ಕೆ ಸರಿಸಿ ತಾವೇ ಕೂತುಬಿಡುವರು. ಕೈ ರುಬ್ಬುವಾಗ ಬಾಯಿ ಬೈಯುತ್ತಿರುತ್ತಿತ್ತು. ಅಮೃತಹಳ್ಳಿಯ ಒಕ್ಕಲು ಮನೆಯಲ್ಲಿ, ಹೊಲದಾಚೆಗೆ ಕೇಳುವಂತೆ ಮಾತಾಡಿ ಬೆಳೆದವರು. ವಠಾರಕ್ಕೆ ಬಂದ ಮೇಲೂ ದನಿ ತಗ್ಗಿಸುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ನಾನು ಆಗ ಎಸ್ಸೆಸ್ಸೆಲ್ಸಿ. ಅರ್ಧವಾರ್ಷಿಕದಲ್ಲಿ ಗಣಿತ ಕೈಕೊಟ್ಟಿತು. ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಕೆಟ್ಟವರೇನಲ್ಲ. ಆದರೆ ನನ್ನ ಹಿಂದೆ ತಂಗಿಯರಿದ್ದರು, ದೊಡ್ಡಬಳ್ಳಾಪುರದಿಂದ ಒಂದು ಸಂಬಂಧವೂ ಬಂದಿತ್ತು. ಮೊದಲ ಸಲಕ್ಕೇ ಪಾಸಾದರೆ ಟೀಚರ್ ಟ್ರೈನಿಂಗ್, ಇಲ್ಲದಿದ್ದರೆ ಹಸೆಮಣೆ ಎಂದುಬಿಟ್ಟರು. ನನಗೋ ಟೀಚರಾಗುವ ಹುಚ್ಚು. ವಠಾರದ ಗೋಡೆಗಳಿಗೆ ಗುಟ್ಟು ಇಟ್ಟುಕೊಂಡು ಅಭ್ಯಾಸವಿರಲಿಲ್ಲ. ಬೆಳಗಾಗುವುದರಲ್ಲಿ ವಿಷಯ ಓನರಮ್ಮನಿಗೆ ಮುಟ್ಟಿತ್ತು. ಯಾಕೆ ಫೇಲಾದೆ ಎಂದು ನಲ್ಲಿಯ ಹತ್ತಿರ ಕೇಳಿದರು. ಕುಣಿಯಲಾರದವಳಿಗೆ ನೆಲ ಡೊಂಕು. ಈ ಗಲಾಟೆಯಲ್ಲಿ ಹೇಗೆ ಓದಲಿ ಎಂದುಬಿಟ್ಟೆ. ಅವರು ಬೈಯಲಿಲ್ಲ. ಅದೇ ಒಂದು ವಿಶೇಷ.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ವಠಾರ ಬಾಯಿ ಮುಚ್ಚಿತು. ರುಬ್ಬುವುದು ಮಧ್ಯಾಹ್ನಕ್ಕೆ ಹೋಯಿತು. ಸಂಜೆ ಹೊತ್ತು ಸಾಹೇಬರು ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿದರು. ರಚ್ಚೆ ಹಿಡಿದ ಕೂಸುಗಳನ್ನು ತಾಯಂದಿರು ಸ್ಟೇಷನ್ ಕಡೆ ಎತ್ತಿಕೊಂಡು ಹೋಗಬೇಕಾಯಿತು. ಓನರಮ್ಮ ಸ್ವತಃ ಪಿಸುಗುಟ್ಟತೊಡಗಿದರು. ಸೊಪ್ಪಿನವಳ ಜೊತೆ ಅವರು ಕೈಸನ್ನೆಯಲ್ಲಿ ಚೌಕಾಸಿ ಮಾಡುವುದನ್ನು ನೋಡಿ ನನ್ನ ತಂಗಿಯರು ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದರು. ರೈಲನ್ನು ಮಾತ್ರ ಅವರಿಂದ ತಡೆಯಲಾಗಲಿಲ್ಲ. ಅದು ಕೂಗಿದಾಗಲೆಲ್ಲ ಆ ದಿಕ್ಕಿಗೆ ದುರುಗುಟ್ಟಿ ನೋಡುತ್ತಿದ್ದರು.

ನನ್ನ ಓದಿನ ಗತಿ ಕೇಳಬೇಡಿ. ಹುಟ್ಟಿದಾಗಿನಿಂದ ಗಲಾಟೆಯಲ್ಲೇ ಬೆಳೆದವಳು ನಾನು. ಆ ಮೌನದಲ್ಲಿ ಪುಟ ತಿರುಗಿಸಿದರೂ ಪಕ್ಕದ ಮನೆಗೆ ಕೇಳುತ್ತಿತ್ತು. ಇಷ್ಟೊಂದು ಜನ ನನಗಾಗಿ ಉಸಿರು ಬಿಗಿಹಿಡಿದು ಕೂತಿದ್ದಾರೆ ಎಂಬ ಭಯಕ್ಕೆ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಓದಿದ್ದು ತಲೆಗೆ ಹತ್ತದೆ, ಕೊನೆಗೆ ನಿದ್ದೆ ಹತ್ತುತ್ತಿತ್ತು. ಒಂದು ಸಂಜೆ ಓನರಮ್ಮ ಕಿಟಕಿಯಲ್ಲಿ ಇಣುಕಿದಾಗ ನಾನು ಪುಸ್ತಕದ ಮೇಲೆ ಗೊರಕೆ ಹೊಡೆಯುತ್ತಿದ್ದೆ. ಎಬ್ಬಿಸಿದರು. ಅಳುತ್ತಾ ಇದ್ದದ್ದನ್ನೆಲ್ಲ ಹೇಳಿದೆ.

"ನಿನ್ ಮನೆ ಕಾಯ್ವೋಗ. ಇಡೀ ವಠಾರದ ಬಾಯಿಗೆ ಬೀಗ ಆಕ್ಸಿದ್ನಲ್ಲೇ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಸಂಜೆ ಸಾಹೇಬರ ಮಿಷನ್ ಮತ್ತೆ ಕಟಕಟ ಎಂದಿತು. ಓನರಮ್ಮ ಕಲ್ಲಿನ ಮುಂದೆ ಕೂತು, ನನ್ನನ್ನು ಎದುರಿನ ಜಗಲಿಯ ಮೇಲೆ ಕೂರಿಸಿ, ಲೆಕ್ಕವನ್ನು ಬಾಯಿಬಿಟ್ಟು ಹೇಳುತ್ತಾ ಮಾಡು ಎಂದರು. ಅವರಿಗೆ ಅಕ್ಷರ ಬಾರದು. ಬೀಜಗಣಿತವೆಂದರೆ ಅವರೆಯೋ ಹುರುಳಿಯೋ ಎಂದು ಕೇಳಿದವರು. ಆದರೆ ನನ್ನ ದನಿ ನಿಂತರೆ ಅವರ ಕೈಯೂ ನಿಲ್ಲುತ್ತಿತ್ತು. ನಾನು ಮುಂದುವರಿಯದೆ ಅವರು ರುಬ್ಬುವುದಿಲ್ಲ, ಅವರು ರುಬ್ಬದೆ ಯಾರ ಮನೆಗೂ ಹಿಟ್ಟಿಲ್ಲ. ಹೆಂಗಸರು ಪಾತ್ರೆ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ವಿಚಿತ್ರವೆಂದರೆ ಆ ಗದ್ದಲದಲ್ಲಿ ನನಗೆ ಒಂಚೂರೂ ಭಯವಾಗುತ್ತಿರಲಿಲ್ಲ.

ನಾನು ಪಾಸಾದರೆ ನಿಮಗೇನು ಬಂತು ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ಕಲ್ಲಿನಿಂದ ಕಣ್ಣೆತ್ತಲಿಲ್ಲ.

"ನಿಮ್ಮಪ್ಪಂಗೆ ನೀ ಪಾಸಾದ್ರೂ ಆಯ್ತು, ಫೇಲಾದ್ರೂ ಆಯ್ತು. ಎಲ್ಡಕ್ಕೂ ದಾರಿ ಮಡೀಕಂಡವ್ರೆ. ನಂಗೆ ಅಂಗಾಗಕಿಲ್ಲ ಕಣವ್ವ. ನೀ ಪಾಸಾಗ್ಲೇಬೇಕು."

ನಾನು ಪಾಸಾಗುವುದು ಬೇರೊಬ್ಬರಿಗೂ ಬೇಕಾಗಿದೆ ಎಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ಅವರಿಗೇಕೆ ಅಷ್ಟು ಹಟವಿತ್ತೋ ಇವತ್ತಿಗೂ ತಿಳಿಯದು. ಗಣಿತದಲ್ಲಿ ತಿಣುಕಾಡಿ ದಡ ಸೇರಿದೆ. ಅಪ್ಪ ಮಾತಿಗೆ ತಪ್ಪಲಿಲ್ಲ.

ಟ್ರೈನಿಂಗಿಗೆಂದು ಪೇಟೆಯ ಹಾಸ್ಟೆಲಿಗೆ ಸೇರಿದೆ. ಅಲ್ಲಿ ಕೊನೆಯ ಪರೀಕ್ಷೆಗಳು ನಡೆಯುತ್ತಿದ್ದಾಗ ಓನರಮ್ಮ ಹಾಸಿಗೆ ಹಿಡಿದಿದ್ದು ನನಗೆ ಗೊತ್ತಾಗಲಿಲ್ಲ. ಎಲ್ಲ ಮುಗಿಸಿ ಹೊರಗೆ ಬಂದಾಗ ಗೇಟಿನ ಹತ್ತಿರ ಅಪ್ಪ ನಿಂತಿದ್ದರು. ಓನರಮ್ಮ ಹೋಗಿ ಆಗಲೇ ಕೆಲವು ದಿನಗಳಾಗಿದ್ದವು. ಅಮೃತಹಳ್ಳಿಯ ಹೊಲದಲ್ಲಿ ಮಣ್ಣೂ ಆಗಿತ್ತು. ಯಾಕೆ ಹೇಳಿ ಕಳಿಸಲಿಲ್ಲ ಎಂದು ರಸ್ತೆಯಲ್ಲೇ ಅಪ್ಪನ ಮೇಲೆ ಕೂಗಾಡಿದೆ. ಕೊನೆಗಾಲದಲ್ಲಿ ಓನರಮ್ಮನೇ ವಠಾರದವರನ್ನೆಲ್ಲ ಕರೆಸಿ ಆಣೆ ಮಾಡಿಸಿಕೊಂಡಿದ್ದರಂತೆ.

"ಪರೀಕ್ಸೆ ಮುಗಿಯೋಗಂಟ ಯಾರೂ ಅವಳ ಕಿವಿಗೆ ಆಕ್ಬ್ಯಾಡಿ."

ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಓನರಮ್ಮನ ಮೇಲಿನ ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಅವರನ್ನು ಮಣ್ಣು ಮಾಡಿದ ದಿನ ನಾನು ಗಣಿತದ ಪತ್ರಿಕೆಯನ್ನು, ಯಾವ ಅಳುಕೂ ಇಲ್ಲದೆ, ತುಂಬ ಚೆನ್ನಾಗಿ ಬರೆದಿದ್ದೆ.