ಪಟ್ಟೆಬಾಲಕ್ಕೆ ಇಟ್ಟ ಅನ್ನ

ಹೂಸ್ಟನ್ನಿನಲ್ಲಿ ಯಾರ ಮನೆಯಲ್ಲಾದರೂ ನಾಲ್ಕು ಜನ ಕನ್ನಡದವರು ಸೇರಿದರೆ ಸಾಕು, ನಮ್ಮ ಯಜಮಾನರು ಆ ಕತೆ ತೆಗೆಯುತ್ತಿದ್ದರು. ಡಾಲಸ್ಸಿಗೆ ಹೋದರೆ ಅಲ್ಲೂ ಅದೇ. “ನಮ್ಮನೆಯವಳ ಕೈರುಚಿಗೆ ಕಾಡುಪ್ರಾಣಿ ಕೂಡ ಬೋನಿಗೆ ಬಿತ್ತು ಕಣ್ರೀ” ಎಂದು ಶುರುಮಾಡಿದರೆ, ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಅಡುಗೆಮನೆಯಲ್ಲಿ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದೆ. ನಾಲ್ಕು ಜನರ ಮುಂದೆ ಗಂಡನ ಮಾನ ಕಳೆಯಬಾರದು ಎಂದು ಹೇಳಿಕೊಟ್ಟು ಬೆಳೆಸಿದ್ದರಲ್ಲ, ಅದಕ್ಕೆ. ಈಗ ನನಗೂ ವಯಸ್ಸಾಯಿತು, ಇನ್ನು ಯಾರ ಹಂಗೂ ಇಲ್ಲ. ನಗುವಂಥದ್ದು ಆ ಕತೆಯಲ್ಲಿ ಏನೂ ಇರಲಿಲ್ಲ.

ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ಇವರು ಸೇತುವೆ ಕಟ್ಟಿಸುವ ಎಂಜಿನಿಯರು. ಆಸ್ಟಿನ್ನಿನ ಪಶ್ಚಿಮದ ಅಂಚಿನಲ್ಲಿ ನಮ್ಮ ಬಾಡಿಗೆ ಮನೆ. ಹಿತ್ತಿಲು ಮುಗಿಯುತ್ತಿದ್ದಂತೆ ಸುಣ್ಣಕಲ್ಲಿನ ಇಳಿಜಾರು, ಸೀಡರ್ ಗಿಡಗಳು. ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಒಂಟಿಯಾಗಿದ್ದ. ಉತ್ತರದ ಹಿಮ ಬೀಳುವ ರಾಜ್ಯದವನು. ಬೋನು ಒಡ್ಡಿ ಪ್ರಾಣಿ ಹಿಡಿಯುವುದು, ತುಪ್ಪಳದ ಚರ್ಮ ಸುಲಿದು ಮಾರುವುದು, ಇದೇ ಆತನ ಜೀವಮಾನದ ಕಸುಬು. ಈ ದೇಶದಲ್ಲಿ ತುಪ್ಪಳಕ್ಕಾಗಿ ಹಿಡಿಯುವ ಪ್ರಾಣಿ ಎಷ್ಟು ಜಾತಿ ಇವೆಯೋ ಅಷ್ಟನ್ನೂ ತನ್ನ ಕೈಯಾರೆ ಹಿಡಿಯಬೇಕು ಎಂಬುದು ಹುಡುಗನಾಗಿದ್ದಾಗಿನಿಂದ ಆತನ ಹಟ. ಗ್ಯಾರೇಜಿನ ಗೋಡೆಯ ತುಂಬ ಜಾತಿಗೊಂದರಂತೆ ಚರ್ಮ ತೂಗುಹಾಕಿದ್ದ: ನೀರುನಾಯಿ, ಬೀವರ್, ಮಿಂಕ್, ನರಿ, ಕಾಡುಬೆಕ್ಕು, ಇನ್ನೂ ಏನೇನೋ. ಉಳಿದದ್ದು ಒಂದೇ, ಬಾಲದ ತುಂಬ ಬಳೆಯಂಥ ಪಟ್ಟೆಗಳಿರುವ ರಿಂಗ್‌ಟೇಲ್. ಅದು ಆತನ ಸೀಮೆಯಲ್ಲಿ ಇಲ್ಲ, ನಾವಿದ್ದ ಕಡೆಯ ಒಣ ಬೆಟ್ಟಗಳಲ್ಲಿ ಇತ್ತು. ಅದಕ್ಕೋಸ್ಕರವೇ ಆತ ಟೆಕ್ಸಸ್ಸಿಗೆ ಬಂದದ್ದು. ಬರುವ ಹೊತ್ತಿಗೆ ಮಂಡಿ ಹೋಗಿತ್ತು, ಇಳಿಜಾರು ಇಳಿಯಲು ಆಗುತ್ತಿರಲಿಲ್ಲ.

ಕೆಟ್ಟವನು ಎನ್ನಲಾರೆ. ನನಗೆ ಡ್ರೈವ್ ಮಾಡುವುದನ್ನು ಕಲಿಸಿದ್ದು ಆತನೇ. ಇವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಆ ವರ್ಷ ಮೈಸೂರಿನಲ್ಲಿ ನಮ್ಮಪ್ಪ ಹೋದರು. ತಂತಿ ನಮಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು, ಹೋಗಿ ಮುಖ ನೋಡುವುದಕ್ಕೂ ಆಗಲಿಲ್ಲ. ಕರ್ಮಗಳನ್ನೆಲ್ಲ ಅಣ್ಣ ಮಾಡಿದ. ಹೆಣ್ಣುಮಗಳು, ಸಮುದ್ರದ ಈಚೆ ಇರುವವಳು, ನಾನೇನು ಮಾಡಬೇಕು? ಅಪ್ಪ ರೈಲ್ವೆಯಲ್ಲಿ ಗುಮಾಸ್ತರು, ಬಡ ಸಂಸಾರ. ಆದರೂ ಊಟದ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ. ಅದಕ್ಕೆ ದಿನಾ ಸಂಜೆ ಅಡುಗೆಯಾದ ಮೇಲೆ, ಬೆಣ್ಣೆ ಕಾಯಿಸಿದ ತುಪ್ಪ ಹಾಕಿ, ಬೆಲ್ಲವಿಲ್ಲದ್ದಕ್ಕೆ ಕಂದು ಸಕ್ಕರೆ ಕಲಸಿ, ಒಂದು ಮುಷ್ಟಿ ಅನ್ನವನ್ನು ಹಿಂದಿನ ಮೆಟ್ಟಿಲ ಮೇಲೆ ಇಡತೊಡಗಿದೆ. ಊರಿನಲ್ಲಾಗಿದ್ದರೆ ಕಾಗೆ ಬರುತ್ತಿತ್ತು. ಇಲ್ಲಿ ಕಾಗೆಗಳು ತಂತಿಯ ಮೇಲೆ ಕೂತು ನೋಡಿ ಹಾರಿಹೋಗುತ್ತಿದ್ದವು. “ಅವಕ್ಕೆ ಹಾಟ್‌ಡಾಗ್ ಇಡು, ಬರ್ತವೆ” ಎಂದು ಇವರು ಕಿಚಾಯಿಸಿದರು. ಬೆಳಗಾದರೆ ಅನ್ನದ ತುಂಬ ಇರುವೆ.

ಒಂದು ಸಂಜೆ ಅದು ಬಂತು. ಬೆಕ್ಕಿಗಿಂತ ಸಣ್ಣದು, ನರಿಯ ಮೂತಿ, ದೊಡ್ಡ ಕಣ್ಣು, ಮೈಗಿಂತ ಉದ್ದದ ಬಾಲ, ಬಾಲದ ತುಂಬ ಕಪ್ಪುಬಿಳಿ ಪಟ್ಟೆ. ಮುಂಗಾಲಲ್ಲಿ ಅನ್ನ ಹಿಡಿದುಕೊಂಡು ಒಂದಗುಳೂ ಬಿಡದೆ ತಿಂದಿತು. ಮಾರನೆಯ ದಿನವೂ ಬಂತು. ನಾನು ಅದನ್ನು ಪಟ್ಟೆಬಾಲ ಎಂದೇ ಕರೆದೆ. ಅಪ್ಪನೇ ಬಂದರು ಎಂದು ಹೇಳುವಷ್ಟು ಹುಚ್ಚಿ ನಾನಲ್ಲ. ಆದರೆ ಅಪ್ಪನ ಹೆಸರಿನಲ್ಲಿ ಇಟ್ಟದ್ದನ್ನು ಒಂದು ಜೀವ ಬಂದು ಉಂಡಿತಲ್ಲ, ಆ ಅಷ್ಟು ತಿಂಗಳಲ್ಲಿ ನನಗೆ ಸಮಾಧಾನ ಎಂದು ಸಿಕ್ಕಿದ್ದು ಅದೊಂದೇ. ಇವರಿಗೆ ಹೇಳಿದೆ. ಹೇಳಬಾರದಿತ್ತು, ಇವರ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ.

ಮಾರನೆಯ ಸಂಜೆಯೇ ಮುದುಕ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ. ಪಟ್ಟೆಬಾಲ ಬಂದಾಗ ಆತನ ಕಣ್ಣು ತೇವವಾಯಿತು. ಪಾಪ, ಜೀವಮಾನವೆಲ್ಲ ಕಾದವನು, ಕಣ್ತುಂಬ ನೋಡಲಿ ಎಂದುಕೊಂಡೆ. “ಅನ್ನಕ್ಕೆ ಏನೇನು ಹಾಕುತ್ತೀರಿ, ಮ್ಯಾಮ್?” ಎಂದು ಕೇಳಿದ. ತುಪ್ಪ, ಸಕ್ಕರೆ, ಏಲಕ್ಕಿ ಎಂದು ಹೆಮ್ಮೆಯಿಂದ ಹೇಳಿದೆ.

ವರ್ಷ ತುಂಬುವ ತಿಥಿ ಭಾನುವಾರ ಬಂತು. ಅಲ್ಲಿ ಅಣ್ಣ ಶ್ರಾದ್ಧ ಮಾಡುತ್ತಾನೆ, ಇಲ್ಲಿ ನಾನು ಒಂದು ತಟ್ಟೆಯನ್ನಾದರೂ ಕ್ರಮವಾಗಿ ಇಡುತ್ತೇನೆ ಎಂದು ಹಟ ಹಿಡಿದು ಬೆಳಗಿನಿಂದ ಒಲೆಯ ಮುಂದೆ ನಿಂತೆ. ಅಮೆರಿಕನ್ ಅಂಗಡಿಯ ಬಟಾಣಿಬೇಳೆಯಲ್ಲಿ ವಡೆ, ಸಣ್ಣ ಡಬ್ಬಿಯ ಗಸಗಸೆಯಲ್ಲಿ ಪಾಯಸ, ಸಾರು, ಪಲ್ಯ. ಎಲ್ಲವನ್ನೂ ಬಡಿಸಿ ಮೆಟ್ಟಿಲ ಮೇಲೆ ಇಟ್ಟೆ. ಇಟ್ಟದ್ದನ್ನು ಯಾವುದಾದರೂ ಜೀವ ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ. ಪಟ್ಟೆಬಾಲ ಬರುವುದು ಸಂಜೆಗೆ. ಅಲ್ಲಿಯ ತನಕ ಉಪವಾಸ ಎಂದೆ. ಇವರು ಪೇಪರಿನ ಹಾಳೆ ಮಗುಚಿದರು. ನಾನು ಎಣ್ಣೆಯ ಮುಂದೆ ಬೆವರುತ್ತಿದ್ದಾಗಲೂ ಪೇಪರು ಓದುತ್ತಾ ಕೂತಿದ್ದರು.

ಇಳಿಹೊತ್ತಿಗೆ ಹೊಟ್ಟೆ ತಾಳ ಹಾಕತೊಡಗಿತೇನೋ, ಎದ್ದು ಬಂದರು.

“ಸುಮ್ನೆ ಕಾಯ್ಬೇಡ ಕಣೇ. ಅದು ಬರಲ್ಲ.”

“ಯಾಕೆ ಬರಲ್ಲ?”

“ಬೆಳಿಗ್ಗೆನೇ ಸಿಕ್ತಂತೆ ಪಕ್ಕದ ಮನೆಯವರಿಗೆ. ಪೇಪರ್ ತರಕ್ಕೆ ಹೋದಾಗ ಹೇಳಿದ್ರು.”

“ಸಿಕ್ತು ಅಂದ್ರೆ? ಮಂಡಿ ನೋವಿನವರು ಎಲ್ಲಿ ಹಿಡಿದ್ರು?”

“ನಮ್ಮ ಬೇಲಿ ಹತ್ರನೇ, ಸೀಡರ್ ಗಿಡದ ಕೆಳಗೆ ಬೋನು ಇಟ್ಟಿದ್ರು. ನೀನು ಕಲಸಿದ ಅನ್ನದಲ್ಲೇ ಸ್ವಲ್ಪ ಕೊಡಿ ಅಂದ್ರು. ನಿನ್ನೆ ಕೊಟ್ಟೆ. ಪಾಪ, ಮುದುಕರು. ಅವರಿಗೆ ಉಳಿದಿದ್ದು ಅದೊಂದೇ ಅಲ್ವೇನೇ.”

ನನಗೆ ಸಿಟ್ಟು ನೆತ್ತಿಗೇರಿತು. “ಊಟಕ್ಕೆ ಅಂತ ಕರೆದು ಪ್ರಾಣ ತೆಗೀತಾರೇನ್ರೀ? ನಮ್ಮಪ್ಪನ ಹೆಸರಿನ ಅನ್ನ ಇಟ್ಟು?”

“ಅಪ್ಪನ ಕಾರ್ಯ ನಿಮ್ಮಣ್ಣ ಮಾಡ್ತಾನೆ. ಇದೆಲ್ಲ ನಿನ್ನ ಮನಸ್ಸಮಾಧಾನಕ್ಕೆ” ಎಂದರು.

ಹೌದು, ನನ್ನ ಮನಸ್ಸಮಾಧಾನಕ್ಕೇ. ನನಗೆ ಅಂತ ಇದ್ದದ್ದು ಅಷ್ಟೇ, ಅದನ್ನೂ ಪಕ್ಕದ ಮನೆಗೆ ದಾನ ಮಾಡಿ ಬಂದಿದ್ದರು. ಬೆಳಗಿನಿಂದ ಗೊತ್ತಿದ್ದೂ ನನ್ನ ಕೈಲಿ ವಡೆ ಕರಿಸಿದ್ದರು. ಮೆಟ್ಟಿಲ ಮೇಲಿದ್ದ ತಟ್ಟೆ ಎತ್ತಿಕೊಂಡು ಸೀದಾ ಪಕ್ಕದ ಗ್ಯಾರೇಜಿಗೆ ಹೋದೆ.

ಚರ್ಮವನ್ನು ಒಳಮೈ ಹೊರಗಾಗಿ ಹಲಗೆಗೆ ಎಳೆದು ಕಟ್ಟಿದ್ದ. ಬಾಲ ಮಾತ್ರ ಹಾಗೇ ಇಳಿಬಿದ್ದಿತ್ತು. ಮುದುಕನ ಮುಖದಲ್ಲಿ ಮದುವೆಮನೆಯ ಕಳೆ. “ಬನ್ನಿ ಮ್ಯಾಮ್, ನೋಡಿ. ನನ್ನ ಮೀನು, ಮೊಟ್ಟೆ ಯಾವುದನ್ನೂ ಅದು ಮೂಸಲಿಲ್ಲ. ನಿಮ್ಮ ಅನ್ನ ಕಂಡರೆ ಭಯವೇ ಇರಲಿಲ್ಲ ಅದಕ್ಕೆ” ಎಂದ. ನನ್ನ ಕೈಯ ತಟ್ಟೆ ನೋಡಿ, ಸಂತೋಷಕ್ಕೆ ತಂದಿದ್ದೇನೆ ಎಂದುಕೊಂಡು ಕೈ ತೊಳೆದು ಬಂದು ಕೂತ. ಕೊಟ್ಟೆ. ಒಂದು ವಡೆ ತಿಂದು, ಏನು ಹಬ್ಬ ಇವತ್ತು ಎಂದು ಕೇಳಿದ.

“ಹಬ್ಬ ಅಲ್ಲ. ನಮ್ಮ ತಂದೆ ಸತ್ತು ಇವತ್ತಿಗೆ ವರ್ಷ. ಇದು ಅವರಿಗೆ ಇಟ್ಟ ಊಟ. ಅವರ ಪರವಾಗಿ ಬಂದು ತಿನ್ನುತ್ತಿದ್ದದ್ದು ಅದು” ಎಂದು ಹಲಗೆ ತೋರಿಸಿದೆ. “ತಿನ್ನುವ ಜೀವವನ್ನು ನೀವು ಕೊಂದಿರಿ. ಇನ್ನು ನೀವೇ ತಿನ್ನಬೇಕು. ಒಂದಗುಳೂ ಬಿಡಬಾರದು.”

ಆತನ ಕೈ ನಿಂತುಹೋಯಿತು. “ಮಿಕ್ಕಿದ ಅನ್ನ ಎಂದರು ನಿಮ್ಮ ಗಂಡ. ಇದನ್ನು ಹೇಳಲಿಲ್ಲ” ಎಂದ.

“ತಿನ್ನಿ” ಎಂದೆ.

ತಿಂದ. ಸಾರಿನ ಖಾರಕ್ಕೋ ಏನೋ, ಕೊನೆಕೊನೆಗೆ ನುಂಗಲು ಕಷ್ಟಪಡುತ್ತಿದ್ದ. ಹಲಗೆಯ ಕಡೆ ತಿರುಗಿ ನೋಡಲಿಲ್ಲ. ನನಗೆ ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ತಟ್ಟೆ ಖಾಲಿಯಾಗುವ ತನಕ ನಿಂತಿದ್ದು, ಎತ್ತಿಕೊಂಡು ಮನೆಗೆ ಬಂದೆ.

ಇವರು ಬಾಗಿಲಲ್ಲೇ ಕಾಯುತ್ತಿದ್ದರು. ಖಾಲಿ ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿ, “ಯಾರೋ ಒಬ್ಬರು ಮುಟ್ಟಿದ ಹಾಗಾಯ್ತಲ್ಲ. ಇನ್ನು ಊಟಕ್ಕೆ ಕೂರಬಹುದಾ?” ಎಂದು ಕೇಳಿದರು.

ಬಡಿಸಿದೆ. ಪಾಯಸ ಎರಡು ಸಲ ಹಾಕಿಸಿಕೊಂಡು ಉಂಡರು.