ಕಾಕಾನ ಕೈಗೆ ಹತ್ತಿದ ಮಣ್ಣು

ಹುಕ್ಕೇರಿಯಿಂದ ಸಿದ್ದಪ್ಪ ಮುತ್ಯಾನನ್ನು ಅವನ ತಂಗಿಯ ಮಣ್ಣಿಗೆ ಕರಕೊಂಡು ಮೂಡಲಗಿಗೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಕುಳಿತ ಅವನ ತೊಡೆಯ ಮೇಲೆ ಒಂದು ಹಸಿರು ಸೀರೆಯಿತ್ತು. ತವರಿನ ಸೀರೆ ಬರದೆ ಹೆಣ ಎತ್ತುವಂತಿಲ್ಲ, ಹಾಗಾಗಿ ಅಲ್ಲಿ ಎಲ್ಲರೂ ಅವನ ದಾರಿ ಕಾಯುತ್ತಿದ್ದರು.

ಕಲ್ಲೋಳಿಯಲ್ಲಿ ನಾನು ಓಡಿಸುತ್ತಿದ್ದ ನಮ್ಮ ಮಾಲಕರ ಹೊಸ ಕಾರು ನಿಂತುಬಿಟ್ಟಿತು. ಪುಣ್ಯಕ್ಕೆ ಎದುರಿಗೇ ದಸ್ತಗೀರ್ ಕಾಕಾನ ಗ್ಯಾರೇಜು. ಬಾನೆಟ್ ಎತ್ತಿ ಇಣುಕಿದ ಕಾಕಾ, "ಇಲಿ ವೈರ್ ಕಡದೈತಿ. ಹತ್ತ ಮಿನಿಟಿನ ಕೆಲಸ. ಕೂಡಿಸಲೇನು?" ಅಂದ.

ಕಂಪನಿಗೆ ಫೋನ್ ಹಚ್ಚಿದೆ. "ಹೊರಗಿನವರು ಮುಟ್ಟಿದರೆ ವಾರಂಟಿ ಇರೋದಿಲ್ಲ ಸರ್. ನಮ್ಮ ಮೆಕ್ಯಾನಿಕ್ಕೇ ಬರ್ತಾರೆ," ಅಂದಳು ಫೋನ್ ಎತ್ತಿದಾಕೆ. ಮಾಲಕರೂ ಅದನ್ನೇ ಹೇಳಿ ಕಳಿಸಿದ್ದರು.

"ಬ್ಯಾಡ ಕಾಕಾ," ಅಂದೆ.

ಮುತ್ಯಾ ನನ್ನ ಮುಖ ನೋಡಿದ. "ಅಲ್ಲೋ ತಮ್ಮಾ, ನನ್ನ ತಂಗಿ ಇನ್ನ ಎಷ್ಟೊತ್ತು ಕಾಯಬೇಕೋ?"

ಕಾಕಾ ತನ್ನ ಹಳೆಯ ಬೈಕಿಗೆ ಕಿಕ್ ಹೊಡೆದು, "ಹತ್ರಿ ಯಜಮಾನ್ರ, ಸೀರಿ ಗಟ್ಟಿ ಹಿಡೀರಿ," ಅಂದ. ಇಬ್ಬರೂ ಹೋದರು. ನಾನು ವಾರಂಟಿ ಕಾಯುತ್ತ ಕುಳಿತೆ.

ಸಂಜೆಗೆ ಕಂಪನಿಯವ ಬಂದು ಅದೇ ವೈರ್ ಕೂಡಿಸಿ, ಟೇಪ್ ಸುತ್ತಿ, ಕೈ ಒರೆಸಿಕೊಳ್ಳುತ್ತಿದ್ದ. ಆಗ ಕಾಕಾ ತಿರುಗಿ ಬಂದ. ಕಾಕಾನ ಕೊಳೆಯಾದ ಕೈ ನೋಡಿ ಕಂಪನಿಯವನಿಗೆ ಸಂಶಯ ಬಂತು.

"ನೀವೇನರ ಗಾಡಿಗಿ ಕೈ ಹಚ್ಚೀರೇನ್ರಿ?"

ಕಾಕಾ ಎರಡೂ ಅಂಗೈ ಚಾಚಿದ. "ಇದು ಗ್ರೀಸ್ ಅಲ್ಲರಿ, ಮಣ್ಣು. ಸೀರಿ ಹೊತ್ತಿಗಿ ಮುಟ್ಟಿತು. ಆ ತಂಗಿಗಿ ನಾನೂ ಒಂದ ಹಿಡಿ ಹಾಕಿ ಬಂದೇನಿ."

ಅಲ್ಲಿ ನಿಂತ ಮೂವರಲ್ಲಿ ನನ್ನ ಕೈ ಮಾತ್ರ ಸ್ವಚ್ಛ ಇದ್ದವು.